ಮಾವನವರ ಹುಲಿ



ಊರಿನಿಂದ ಹಿರಿಯರು ಬಂದರೆ ನಾವೆಲ್ಲ ಏನು ಮಾಡುತ್ತೇವೆ ಹೇಳಿ? ಒಂದು ಶನಿವಾರ ಬೇಗ ಎದ್ದು, ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ, ಅವರನ್ನು ರೈಲು ಹತ್ತಿಸಿ ಲಂಡನ್ನಿಗೆ ಕರೆದುಕೊಂಡು ಹೋಗುತ್ತೇವೆ. ಟವರ್ ಬ್ರಿಡ್ಜ್, ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಐ, ಬಿಗ್ ಬೆನ್. ಸಂಜೆಯ ಹೊತ್ತಿಗೆ ಫೋನಿನ ತುಂಬ ಫೋಟೋ, ಕಾಲಿನ ತುಂಬ ನೋವು. ನಾನೂ ಅಂಥದೇ ಪಟ್ಟಿ ಮಾಡಿಟ್ಟಿದ್ದೆ. ಮಾವನವರು ಅದನ್ನು ನೋಡಿ, "ಇದೆಲ್ಲ ಟೀವೀಲಿ ನೋಡಿದೀನಮ್ಮ. ನನಗೆ ಆ ಹುಲಿ ಒಂದು ತೋರಿಸು, ಸಾಕು" ಅಂದರು.

ಅವರು ಹೇಳಿದ್ದು ಟಿಪ್ಪುವಿನ ಹುಲಿ. ಮಾವನವರು ಮಂಡ್ಯ ಜಿಲ್ಲೆಯಲ್ಲಿ ಮೇಷ್ಟರಾಗಿದ್ದವರು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಾಗಲೆಲ್ಲ, "ಇಲ್ಲಿನ ಅರಮನೇಲಿದ್ದ ಮರದ ಹುಲಿ ಈಗ ಲಂಡನ್ನಿನಲ್ಲಿದೆ. ಹಿಡಿಕೆ ತಿರುಗಿಸಿದರೆ ಗರ್ಜಿಸುತ್ತೆ" ಎಂದು ಹೇಳುತ್ತಿದ್ದರಂತೆ. ತಾವೇ ನೋಡದ ಹುಲಿಯ ಪಾಠವನ್ನು ಮೂವತ್ತು ವರ್ಷ ಮಾಡಿದ್ದರು!

ಸೌತ್ ಕೆನ್ಸಿಂಗ್ಟನ್ ನಿಲ್ದಾಣದಲ್ಲಿ ಇಳಿದರೆ ನೆಲದಡಿಯ ದಾರಿಯಲ್ಲೇ ನಡೆದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಬಹುದು. ಪ್ರವೇಶಕ್ಕೆ ದುಡ್ಡಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಹೆಚ್ಚುಕಡಿಮೆ ನಿಜ ಗಾತ್ರದ ಮರದ ಹುಲಿ. ಅದರ ಕೆಳಗೆ ಅಂಗಾತ ಬಿದ್ದಿರುವ ಬಿಳಿಯ. ಹುಲಿಯ ಹೊಟ್ಟೆಯೊಳಗೆ ಒಂದು ವಾದ್ಯವೇ ಇದೆ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಬಿದ್ದವನ ಕೈ ಎದ್ದು ಅವನು ನರಳುತ್ತಾನೆ. ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿದ್ದಾಗ, ನೋಡಲು ಬಂದವರೆಲ್ಲ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಿದ್ದವರಿಗೆ ತಲೆ ಚಿಟ್ಟುಹಿಡಿಸಿದ್ದರಂತೆ. ಈಗ ಮುಟ್ಟುವ ಹಾಗಿಲ್ಲ.

"ಕೂಗಲ್ವಾ ಇದು?" ಎಂದು ಮಾವನವರು ಗಟ್ಟಿಯಾಗಿ ಕೇಳಿಯೇಬಿಟ್ಟರು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಹದಿಮೂರು ವರ್ಷದ ನನ್ನ ಮಗ ಕೆಂಪಗಾಗಿ, "ಅಮ್ಮಾ, ತಾತಂಗೆ ಮೆಲ್ಲಗೆ ಮಾತಾಡೋಕೆ ಹೇಳು" ಎನ್ನುತ್ತ ಎರಡು ಹೆಜ್ಜೆ ದೂರ ಸರಿದು ನಿಂತ. ಮಾವನವರಿಗೆ ಅದು ಕೇಳಿಸಿತು. ಏನೂ ಅನ್ನಲಿಲ್ಲ. ನನಗೆ ಮಾತ್ರ ಹೊಟ್ಟೆಯೊಳಗೆ ಸಂಕಟ. ಆ ಎರಡು ಹೆಜ್ಜೆ ನಿಮ್ಮ ಮನೆಯಲ್ಲೂ ಇದ್ದರೆ, ನಾನು ಹೇಳುತ್ತಿರುವುದು ನಿಮಗೆ ಅರ್ಥವಾಗುತ್ತದೆ.

ಅಷ್ಟರಲ್ಲಿ ಒಬ್ಬ ಪುಟ್ಟ ಇಂಗ್ಲಿಷ್ ಹುಡುಗ, ಹುಲಿ ಯಾಕೆ ಹಾಗೆ ಮಾಡುತ್ತಿದೆ ಎಂದು ತನ್ನಮ್ಮನನ್ನು ಕೇಳಿದ. ಮಾವನವರೊಳಗಿನ ಮೇಷ್ಟರು ಎದ್ದುಬಿಟ್ಟರು. ಗಾಳಿಯಲ್ಲಿ ಹಿಡಿಕೆ ತಿರುಗಿಸಿ, ಗುರುಗುಟ್ಟಿ, ನರಳಿ, ಕನ್ನಡದಲ್ಲೇ ಕಥೆ ಶುರುಮಾಡಿದರು. ಮಗ ಬೇರೆ ದಾರಿಯಿಲ್ಲದೆ ಹತ್ತಿರ ಬಂದು ಇಂಗ್ಲಿಷಿನಲ್ಲಿ ಹೇಳತೊಡಗಿದ. ನೋಡುನೋಡುತ್ತ ನಾಲ್ಕಾರು ಜನ ಸೇರಿದರು.

ಹೊರಗೆ ಬರುವಾಗ ಅವನೇ ಕೇಳಿದ, "ತಾತ, ಇದನ್ನ ಇವರಿಗೆ ಕೊಟ್ರಾ, ಇವರೇ ತಗೊಂಡ್ರಾ?"

"ಟಿಪ್ಪುವನ್ನ ಹೊಗಳೋರೂ ಇದಾರೆ, ಬೈಯೋರೂ ಇದಾರೆ ಕಣಪ್ಪ. ಆದರೆ ಈ ವಿಷಯದಲ್ಲಿ ಎರಡು ಮಾತಿಲ್ಲ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ, ಅರಮನೆ ಕೊಳ್ಳೆಹೋಯ್ತು."

"ಹಾಗಾದ್ರೆ ವಾಪಸ್ ಕೊಡಬೇಕಲ್ವಾ?"

ಈ ಮ್ಯೂಸಿಯಂ ತನ್ನ ವಸ್ತುಗಳನ್ನು ಸುಲಭವಾಗಿ ಬಿಟ್ಟುಕೊಡದಂತೆ 1983ರ ಕಾನೂನು ಕಟ್ಟಿಹಾಕಿದೆ, ಅದನ್ನು ಬದಲಿಸಬೇಕಾದ್ದು ಪಾರ್ಲಿಮೆಂಟು ಎಂದು ನನ್ನವರು ವಿವರಿಸಿದರು. ಮಾವನವರು, "ಹಾಗಿದ್ರೆ ನೀನು ದೊಡ್ಡವನಾಗಿ ಅಲ್ಲಿಗೇ ಹೋಗಿ ಕೇಳು" ಅಂದು ನಕ್ಕರು.

ಪಾರ್ಲಿಮೆಂಟಿನ ಎದುರು ದಡಕ್ಕೇ ನಾವು ಹೊರಟಿದ್ದೆವು. ವಾಕ್ಸ್‌ಹಾಲ್‌ನಲ್ಲಿ ಇಳಿದು ಥೇಮ್ಸ್ ದಂಡೆಯಲ್ಲೇ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಬಂದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಅಲ್ಲೇ ಹತ್ತಿರದ ಬೆಂಚಿನ ಮೇಲೆ ಕುಳಿತು ಡಬ್ಬಿ ಬಿಚ್ಚಿದೆವು.

ಕನ್ನಡ ಎಂ.ಎ. ಮಾಡಿದ ನಾನು ವಚನಗಳ ಬಗ್ಗೆ ಹೇಳಹೋದರೆ ಮಗ ಆಕಳಿಸುವುದೇ ಹೆಚ್ಚು. ಅವತ್ತು ಮಾವನವರು ಹೊಳೆಯ ಮೇಲಿನ ದೋಣಿ ತೋರಿಸಿ, "ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಜೊತೆ ಅಂಬಿಗರ ಚೌಡಯ್ಯ ಅಂತ ಒಬ್ಬನಿದ್ದ. ದೋಣಿ ನಡೆಸೋನು. ಬಟ್ಟೆ ಒಗೆಯೋ ಮಾಚಯ್ಯನೂ ಇದ್ದ, ಅಕ್ಕಮಹಾದೇವೀನೂ ಇದ್ದಳು" ಅಂದರು.

"ದೋಣಿ ನಡೆಸೋರೂ ಅಲ್ಲಿ ಮಾತಾಡಬಹುದಿತ್ತಾ?"

"ಮಾತಾಡೋದೇನು, ಎಲ್ಲರಿಗಿಂತ ಜೋರು ಅವನದೇ!"

"ನಿನ್ ಥರಾನೇ ತಾತ" ಅಂದ ಮಗ. ಮಾವನವರು ಕೆಮ್ಮು ಬರುವಷ್ಟು ನಕ್ಕರು. ಬೆಳಗಿನದು ಅವರಿಗೂ ನೆನಪಿತ್ತು, ಅವನಿಗೂ ನೆನಪಿತ್ತು.

ಬಿಗ್ ಬೆನ್ ಜೊತೆ ಒಂದೇ ಒಂದು ಫೋಟೋ, ಅದೂ ಈಚೆ ದಡದಿಂದ. ಪಟ್ಟಿಯ ಉಳಿದದ್ದೆಲ್ಲ ಹಾಗೇ ಉಳಿಯಿತು. ಮನೆಗೆ ಬರುವ ರೈಲಿನಲ್ಲಿ ತಾತ, ಮೊಮ್ಮಗ ಅಕ್ಕಪಕ್ಕ ಕುಳಿತು ಗಟ್ಟಿಯಾಗೇ ಮಾತಾಡುತ್ತಿದ್ದರು. ಮೆಲ್ಲಗೆ ಮಾತಾಡಿ ಎಂದು ನಾನೂ ಹೇಳಲಿಲ್ಲ.

ಮುಂದಿನ ಸಲ ನಿಮ್ಮ ಮನೆಗೆ ಹಿರಿಯರು ಬಂದರೆ, ಪಟ್ಟಿ ಮಾಡುವ ಮೊದಲು ಅವರನ್ನೊಮ್ಮೆ ಕೇಳಿ ನೋಡಿ. ಅವರಿಗೂ ಒಂದು ಹುಲಿ ಇದ್ದೀತು.