ಯಂತ್ರದ ಕಣ್ಣಿಗೆ ಬಟ್ಟೆ ಕಟ್ಟಬೇಡಿ
(ವಿನೋಬನಗರದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಸಾಲ, ಉಳಿತಾಯದ ಮಾತು ಪ್ರತಿ ಸಭೆಯಲ್ಲೂ ಇದ್ದೇ ಇದೆ. ಇವತ್ತು ಸಾಲ ಮಾಡಿ ತಂದ ಯಂತ್ರದ ಬಗ್ಗೆ ಸ್ವಲ್ಪ ಮಾತಾಡೋಣ. ಕಾರ್ಖಾನೆಯ ಯಂತ್ರಗಳಲ್ಲಿ ಸೆನ್ಸರ್ ಅಂತ ಇರುತ್ತದೆ. ಕಾವು, ಒತ್ತಡ, ಬೆಳಕು, ತೂಕ ಇವುಗಳನ್ನು ಗುರುತಿಸಿ ಯಂತ್ರಕ್ಕೆ ಸುದ್ದಿ ಮುಟ್ಟಿಸುವ ಸಾಧನ ಅದು. "ದೊಡ್ಡ ಫ್ಯಾಕ್ಟರಿ ವಿಷಯ ನಮಗ್ಯಾಕೆ?" ಅನ್ನಬೇಡಿ. ನಮ್ಮ ಮನೆಯ ಫ್ರಿಜ್ ತಾನೇ ನಿಂತು ತಾನೇ ಶುರುವಾಗುವುದು ಇದರಿಂದಲೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಮಗೆಲ್ಲ ಗೊತ್ತು. ಕರಗಿದ ಕಬ್ಬಿಣದ ಕಾವನ್ನು ಕೈಯಿಟ್ಟು ನೋಡೋಕಾಗುತ್ತಾ? ಇಂಥ ಕಡೆ ಕಾವು ಅಳೆಯಲು ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಬೆಸೆದ ಸಾಧನ ಬಳಸುತ್ತಾರೆ. ಹೆಸರು ಥರ್ಮೋಕಪಲ್. ತುದಿ ಕಾದಾಗ ತಂತಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಅಳೆದರೆ ಕಾವು ಎಷ್ಟೆಂದು ತಿಳಿಯುತ್ತದೆ.

ಹಾಲಿನ ಡೈರಿಯಲ್ಲೂ ಹೀಗೇ. ಪಾಶ್ಚರೀಕರಣ ಮಾಡುವಾಗ ಹಾಲು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡಾದರೂ ಇರಬೇಕು. ಕಾವು ಕಡಿಮೆಯಾದರೆ ಸೆನ್ಸರ್ ಸುದ್ದಿ ಕೊಡುತ್ತದೆ, ಕವಾಟ ತಿರುಗುತ್ತದೆ, ಹಾಲು ಮತ್ತೆ ಕಾಯಲು ಹಿಂದಕ್ಕೆ ಹೋಗುತ್ತದೆ. ಸರಿಯಾಗಿ ಕಾಯದ ಹಾಲು ಪ್ಯಾಕೆಟ್ ಸೇರುವುದಿಲ್ಲ. ಗುಣಮಟ್ಟ ಅಂದರೆ ಇದು.

ಈಗ ನಮ್ಮ ಅಡಿಕೆ ಹಾಳೆ ತಟ್ಟೆಯ ಯಂತ್ರಕ್ಕೆ ಬರೋಣ. ಅಚ್ಚಿನ ಕಾವು ನೋಡುವ ಸೆನ್ಸರ್ ಇಲ್ಲೂ ಇರುತ್ತದೆ. ಕಾವು ಹೆಚ್ಚಾದರೆ ತಟ್ಟೆ ಕರಕಲು, ಕಡಿಮೆಯಾದರೆ ಆಕಾರ ನಿಲ್ಲುವುದಿಲ್ಲ, ತೇವ ಉಳಿದು ಬೂಸ್ಟು ಹಿಡಿಯುತ್ತದೆ. ಇಷ್ಟಾದರೆ ಹೋಗುವುದು ಹಾಳೆ ಮಾತ್ರ. ಆದರೆ ಅಚ್ಚು ಕೆಳಗಿಳಿಯುವಾಗ ಕೈ ಒಳಗಿದ್ದರೆ? ಅದಕ್ಕೇ ಕೆಲವು ಯಂತ್ರಗಳಲ್ಲಿ ಎರಡು ಬಟನ್ ಇರುತ್ತವೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಅಚ್ಚಿನ ಮುಂದೆ ಬೆಳಕಿನ ಪರದೆಯೇ ಇರುತ್ತದೆ. ಕೈ ಅಡ್ಡ ಬಂದರೆ ಯಂತ್ರ ನಿಲ್ಲುತ್ತದೆ.

ಒಂದು ಸಲ ಮದುವೆ ಆರ್ಡರ್ ಇತ್ತು, ಕರೆಂಟು ಬೇರೆ ಹೋಗಿ ಬಂದು ಮಾಡುತ್ತಿತ್ತು. ಬೇಗ ಮುಗಿಸೋಣ ಅಂತ ನಾವೇ ಒಂದು ಬಟನ್ನಿಗೆ ಟೇಪು ಸುತ್ತಿದೆವು. ಒಂದು ಕೈಯಲ್ಲಿ ಒತ್ತುವುದು, ಇನ್ನೊಂದರಲ್ಲಿ ಹಾಳೆ ಸರಿಮಾಡುವುದು. ಸಂಜೆ ಹೊತ್ತಿಗೆ ನಮ್ಮ ಸದಸ್ಯೆಯೊಬ್ಬರ ಬಳೆ ಅಚ್ಚಿನಡಿ ಸಿಕ್ಕಿ ಪುಡಿಯಾಯಿತು. ಕೈ ಕೂದಲೆಳೆಯಲ್ಲಿ ಉಳಿಯಿತು. ಆ ರಾತ್ರಿ ನಮಗ್ಯಾರಿಗೂ ಊಟ ಸೇರಲಿಲ್ಲ. ಯಂತ್ರದ ಸಾಲ ಕಂತಿನಲ್ಲಿ ತೀರುತ್ತದೆ. ಹೋದ ಬೆರಳನ್ನು ಯಾವ ಕಂತಿನಲ್ಲಿ ತರೋಣ?

ಆದ್ದರಿಂದ ಈ ಮೂರು ಮಾತನ್ನು ನಿಮ್ಮ ಸಂಘದ ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ:

1. ಯಂತ್ರ ಕೊಳ್ಳುವಾಗ ಬೆಲೆ ಕೇಳುವ ಮೊದಲು "ಕೈ ಒಳಗಿದ್ದರೆ ನಿಲ್ಲುತ್ತದಾ?" ಅಂತ ಕೇಳಿ, ಎದುರಿಗೇ ಒಂದು ಕಡ್ಡಿ ಇಟ್ಟು ತೋರಿಸಲು ಹೇಳಿ.

2. ಸೆನ್ಸರಿಗೂ ಧೂಳು ಹಿಡಿಯುತ್ತದೆ, ಹಳತಾದರೆ ತಪ್ಪು ಲೆಕ್ಕ ಕೊಡುತ್ತದೆ. ಕರೆಂಟು ತೆಗೆದು, ಅಚ್ಚು ತಣಿದ ಮೇಲೆ ಒರೆಸಿ. ಆಗಾಗ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ.

3. ಯಂತ್ರ ತಾನಾಗಿ ನಿಂತರೆ ಬೈಯಬೇಡಿ. ಯಾಕೆ ನಿಂತಿತು ಅಂತ ನೋಡಿ. ಟೇಪು, ತಂತಿ, ಕಡ್ಡಿ ಸಿಕ್ಕಿಸಿ ಓಡಿಸಬೇಡಿ.

ಆರ್ಡರ್ ಒಂದು ದಿನ ತಡವಾದರೆ ಗಿರಾಕಿಗೆ ಹೇಳಿಕೊಳ್ಳಬಹುದು. ನಮ್ಮ ಹತ್ತು ಬೆರಳೇ ನಮ್ಮ ಮೊದಲ ಬಂಡವಾಳ. ಅದನ್ನು ಜೋಪಾನ ಮಾಡೋಣ.