ಬಾರೋ: ಕೊಟ್ಟಿದ್ದಾ, ತಗೊಂಡಿದ್ದಾ?

ಬಸ್ಸಲ್ಲಿರಿ, ಮೆಟ್ರೋದಲ್ಲಿರಿ, ಮನೇಲಿ ಪಾತ್ರೆ ತೊಳೀತಾ ಇರಿ, ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ. ಇವತ್ತಿನ ಸಂಚಿಕೆ ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ. ಆ ಪದ ‘ಬಾರೋ’. ‘ಬಾರೋ ಮಗಾ, ಟೀ ಕುಡಿಯೋಣ’ ಅಂತೀವಲ್ಲ, ಆ ಬಾರೋ ಅಲ್ಲ ಮತ್ತೆ! ಸಾಲ ತಗೊಳ್ಳೋದು, ಎರವಲು ಪಡೆಯೋದು ಅನ್ನೋ ಅರ್ಥದ ಇಂಗ್ಲಿಷ್ ಬಾರೋ.

‘ಇಷ್ಟು ಸುಲಭದ ಪದಕ್ಕೆ ಒಂದು ಇಡೀ ಸಂಚಿಕೆನಾ ಗುರು?’ ಅಂತ ಕೆಲವರು ಕೇಳ್ತೀರ. ನಮಗೆ ಸುಲಭ. ಆದ್ರೆ ಚೀನೀ ಭಾಷೆ ಮನೆಮಾತಾಗಿರೋರು ಇಂಗ್ಲಿಷ್ ಕಲಿಯುವಾಗ ಎಡವೋ ಪದಗಳಲ್ಲಿ ಇದೂ ಒಂದು. ಈ ಪದದಲ್ಲಿ ಎಡವಿದ್ರೆ ಪರೀಕ್ಷೇಲಿ ಒಂದು ಮಾರ್ಕ್ ಹೋಗೋದ್ರ ಜೊತೆಗೆ, ದುಡ್ಡು ಯಾರು ಯಾರಿಗೆ ಕೊಡಬೇಕು ಅನ್ನೋದೇ ಉಲ್ಟಾ ಆಗುತ್ತೆ.

ಹೇಗೆ ಅಂತ ನೋಡಿ. ನೀವು ಸಿಂಗಪುರದಲ್ಲೋ ಮೆಲ್ಬರ್ನ್‌ನಲ್ಲೋ ಓದ್ತಾ ಇದ್ದೀರ ಅಂತ ಇಟ್ಕೊಳ್ಳಿ. ಮೂರು ಜನ ಸೇರಿ ಒಂದು ಮನೆ ಮಾಡಿದ್ದೀರ. ಒಬ್ಬಳು ಚೀನಾದವಳು, ಇನ್ನೊಬ್ಬಳು ಬೇರೆ ದೇಶದವಳು. ತಿಂಗಳ ಲೆಕ್ಕ ಬರೆಯೋದು ನಿಮ್ಮ ಕೆಲಸ. ಚೀನಾದ ರೂಮ್‌ಮೇಟ್ ಮೆಸೇಜ್ ಮಾಡ್ತಾಳೆ: ‘ಐ ಬಾರೋಡ್ ಹರ್ 200 ಡಾಲರ್ಸ್.’ ನೀವು ಓದಿದ್ದು: ಇವಳು ಅವಳ ಹತ್ರ 200 ಡಾಲರ್ ಸಾಲ ತಗೊಂಡಿದ್ದಾಳೆ. ಇವಳು ಹೇಳಬೇಕು ಅಂದ್ಕೊಂಡಿದ್ದು: ನಾನು ಅವಳಿಗೆ 200 ಡಾಲರ್ ಸಾಲ ಕೊಟ್ಟಿದ್ದೀನಿ.

ಈಗ ಶೀಟ್‌ನಲ್ಲಿ ನೀವು ಅದನ್ನ ಉಲ್ಟಾ ಬರೆದ್ರಿ. ವ್ಯತ್ಯಾಸ ಎಷ್ಟು? 200 ಅಂದ್ರಾ? ಅಲ್ಲ, 400. ಯಾಕಂದ್ರೆ ಅವಳಿಗೆ ಬರಬೇಕಾದ 200 ಬರಲಿಲ್ಲ, ಮೇಲಿಂದ ಕೈಯಿಂದ 200 ಹೋಯ್ತು. ಬಿ.ಕಾಂ ಮಾಡಿದವರಿಗೆ ಇದು ಗೊತ್ತಿರೋದೇ. ತಪ್ಪು ಕಡೆ ಎಂಟ್ರಿ ಹಾಕಿದ್ರೆ ತಪ್ಪು ಡಬಲ್ ಆಗುತ್ತೆ. ಆಮೇಲೆ ಮೂರು ಜನರ ಮಧ್ಯೆ ಮುನಿಸು ಶುರು. ‘ಕೊಟ್ಟಿದ್ದು ನಾನು, ನನ್ನನ್ನೇ ಕೇಳ್ತಾರೆ’ ಅಂತ ಒಬ್ಬಳು. ‘ಬಾಯಲ್ಲೊಂದು ಹೇಳ್ತಾಳೆ, ಬರೆಯೋದೊಂದು’ ಅಂತ ಇನ್ನೊಬ್ಬಳು.

ಇದು ಯಾಕೆ ಆಗುತ್ತೆ? ಆ ಹುಡುಗಿ ಇಂಗ್ಲಿಷ್ ಸರಿಯಾಗಿ ಓದಿಲ್ಲ ಅಂತ ಅಲ್ಲ. ಚೀನಾದಲ್ಲಿ 2001ರಿಂದ ಮೂರನೇ ಕ್ಲಾಸಿಂದಲೇ ಇಂಗ್ಲಿಷ್ ಶುರು ಮಾಡೋ ನೀತಿ ಬಂತು. ಶಾಲೇಲಿ ‘ಬಾರೋ’ ಮತ್ತು ‘ಲೆಂಡ್’ ವ್ಯತ್ಯಾಸವನ್ನ ಗಿಳಿಪಾಠ ಮಾಡಿಸ್ತಾರೆ. ತೊಂದರೆ ಇರೋದು ಅವಳ ಮಾತೃಭಾಷೆ ಈ ವಿಷಯವನ್ನ ನೋಡೋ ರೀತೀಲಿ.

ಚೀನೀ ಭಾಷೇಲಿ ‘ಜಿಯೆ’ ಅಂತ ಒಂದು ಕ್ರಿಯಾಪದ ಇದೆ. ಅದರ ಅರ್ಥ ಸಾಲ ಕೊಡೋದೂ ಹೌದು, ಸಾಲ ತಗೊಳ್ಳೋದೂ ಹೌದು. ಒಂದು ವಸ್ತು ಸ್ವಲ್ಪ ದಿನಕ್ಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿದೆ, ವಾಪಸ್ ಬರಬೇಕು, ಅಷ್ಟೇ ಅದು ಹೇಳೋದು. ಯಾವ ಕಡೆಯಿಂದ ಯಾವ ಕಡೆಗೆ ಅನ್ನೋದನ್ನ ಆ ಪದ ಒಂದೇ ಹೇಳಲ್ಲ. ‘ವೊ ಜಿಯೆ ಥಾ ಯೀ ಬಾಯ್ ಖ್ವಾಯ್’ ಅಂದ್ರೆ ‘ನಾನು ಅವನಿಗೆ ನೂರು ಯುವಾನ್ ಸಾಲ ಕೊಟ್ಟೆ’ ಅಂತಾನೂ ಆಗಬಹುದು, ‘ನಾನು ಅವನ ಹತ್ರ ನೂರು ಯುವಾನ್ ಸಾಲ ತಗೊಂಡೆ’ ಅಂತಾನೂ ಆಗಬಹುದು. ಮಾತಿನ ಸಂದರ್ಭದಲ್ಲಿ ಕೇಳೋರಿಗೆ ಸಾಮಾನ್ಯವಾಗಿ ಗೊತ್ತಾಗುತ್ತೆ.

ಸ್ಪಷ್ಟ ಬೇಕು ಅಂದ್ರೆ ಅವರ ಹತ್ರ ದಾರಿ ಇದೆ. ‘ಗೇ’ ಅಂದ್ರೆ ಕೊಡು. ‘ಜಿಯೆ ಗೇ’ ಅಂದ್ರೆ ಸಾಲ ಕೊಡೋದು ಅಂತ ಖಾತ್ರಿ. ‘ಗನ್’ ಅನ್ನೋದು ಹೆಚ್ಚುಕಮ್ಮಿ ನಮ್ಮ ‘ಹತ್ರ’ ಇದ್ದ ಹಾಗೆ. ‘ವೊ ಗನ್ ಥಾ ಜಿಯೆ’ ಅಂದ್ರೆ ನಾನು ಅವನ ಹತ್ರ ತಗೊಂಡೆ. ಕನ್ನಡದಲ್ಲೂ ನಾವು ಹೀಗೇ ಅಲ್ವಾ ಮಾಡೋದು? ‘ಸಾಲ’ ಅನ್ನೋ ಪದ ಸುಮ್ನೆ ಕೂತಿರುತ್ತೆ. ‘ಅವನಿಗೆ ಕೊಟ್ಟೆ’, ‘ಅವನ ಹತ್ರ ತಗೊಂಡೆ’ ಅಂತ ಹಿಂದೆಮುಂದೆ ಸೇರೋ ಪದಗಳೇ ದಿಕ್ಕು ತೋರಿಸ್ತವೆ.

ಇಂಗ್ಲಿಷ್ ಹಾಗಲ್ಲ. ದಿಕ್ಕನ್ನ ಕ್ರಿಯಾಪದದ ಒಳಗೇ ಇಟ್ಟುಬಿಟ್ಟಿದೆ. ತಗೊಳ್ಳೋನು ‘ಬಾರೋ’ ಮಾಡ್ತಾನೆ, ಕೊಡೋನು ‘ಲೆಂಡ್’ ಮಾಡ್ತಾನೆ. ಹಾಗಾಗಿ ಚೀನೀ ವಿದ್ಯಾರ್ಥಿ ತನ್ನ ಭಾಷೇಲಿ ಸಹಜವಾಗಿ ‘ನನಗೊಂದು ಪೆನ್ ಜಿಯೆ ಮಾಡ್ತೀಯಾ’ ಅಂತ ಯೋಚಿಸಿ, ಅದನ್ನೇ ಇಂಗ್ಲಿಷಿಗೆ ತಂದಾಗ ‘ಕ್ಯಾನ್ ಯೂ ಬಾರೋ ಮಿ ಎ ಪೆನ್’ ಅಂತ ಹೊರಗೆ ಬರುತ್ತೆ. ಸರಿಯಾದ ರೂಪ ಎರಡು. ‘ಕ್ಯಾನ್ ಐ ಬಾರೋ ಎ ಪೆನ್ ಫ್ರಮ್ ಯೂ’, ಅಥವಾ ‘ಕ್ಯಾನ್ ಯೂ ಲೆಂಡ್ ಎ ಪೆನ್ ಟು ಮಿ’. ಬಾರೋ ಜೊತೆ ‘ಫ್ರಮ್’, ಲೆಂಡ್ ಜೊತೆ ‘ಟು’. ಇದನ್ನ ಜೋಡಿಯಾಗಿ ನೆನಪಿಟ್ಕೊಂಡ್ರೆ ಅರ್ಧ ಸಮಸ್ಯೆ ಮುಗೀತು.

ಇನ್ನರ್ಧ ಇನ್ನೂ ಮಜಾ ಇದೆ. ಲೈಬ್ರರಿಗೆ ಹೋಗಿ ‘ಈ ಪುಸ್ತಕ ಎಷ್ಟು ದಿನ ಇಟ್ಕೋಬಹುದು’ ಅಂತ ಕೇಳಬೇಕು. ಚೀನಾದ ಶಾಲೆಗಳಲ್ಲಿ ಇದು ಫೇವರಿಟ್ ಪರೀಕ್ಷೆ ಪ್ರಶ್ನೆ. ಅಲ್ಲಿ ಮೇಷ್ಟ್ರು ಹೇಳಿಕೊಡೋದು ಏನಂದ್ರೆ, ಬಾರೋ ಅನ್ನೋದು ಕೈಗೆ ಬಂದ ಕ್ಷಣದ ಕೆಲಸ. ಆಮೇಲೆ ಎರಡು ವಾರ ಅದು ನಿಮ್ಮ ಹತ್ರ ಇರೋದಕ್ಕೆ ‘ಕೀಪ್’ ಅನ್ನಬೇಕು. ಅದಕ್ಕೇ ‘ಹೌ ಲಾಂಗ್ ಕ್ಯಾನ್ ಐ ಕೀಪ್ ದ ಬುಕ್’. ಅವರ ‘ಜಿಯೆ’ ಎರಡನ್ನೂ ಹೊರುತ್ತೆ, ಹಾಗಾಗಿ ಒಂದು ಪದಕ್ಕೆ ಮೂರು ಇಂಗ್ಲಿಷ್ ಪದ ಕಲೀಬೇಕು: ಬಾರೋ, ಲೆಂಡ್, ಕೀಪ್.

ಇನ್ನೊಂದು ಟಾಯ್ಲೆಟ್ ವಿಷಯ. ಚೀನೀ ಭಾಷೇಲಿ ಬೇರೆಯವರ ಮನೆಗೆ ಹೋದಾಗ ‘ನಿಮ್ಮ ಬಾತ್‌ರೂಮ್ ಸ್ವಲ್ಪ ಜಿಯೆ ಮಾಡ್ಲಾ’ ಅಂತ ಕೇಳೋದು ವಿನಯದ ಮಾತು. ಅದನ್ನೇ ಇಂಗ್ಲಿಷಲ್ಲಿ ‘ಕ್ಯಾನ್ ಐ ಬಾರೋ ಯುವರ್ ಟಾಯ್ಲೆಟ್’ ಅಂದ್ರೆ, ಕಮೋಡ್ ಕಿತ್ಕೊಂಡು ಹೋಗಿ ನಾಳೆ ತಂದ್ಕೊಡ್ತೀನಿ ಅಂದ ಹಾಗೆ ಕೇಳಿಸಬಹುದು. ಇಂಗ್ಲಿಷಲ್ಲಿ ಎತ್ಕೊಂಡು ಹೋಗೋಕಾಗದ ವಸ್ತುವಿಗೆ ಸಾಮಾನ್ಯವಾಗಿ ‘ಯೂಸ್’ ಅನ್ನೋದೇ ಸರಿ.

ಆದ್ರೆ ಆ ಚೀನೀ ಪ್ರಯೋಗದಲ್ಲಿ ಒಂದು ಸೊಗಸಿದೆ. ಅವರ ಮಾತಲ್ಲಿ ‘ಜಿಯೆ’ ಎಲ್ಲ ಕಡೆ ಇದೆ. ಜನರ ಮಧ್ಯೆ ದಾರಿ ಬಿಡಿ ಅನ್ನೋಕೆ ‘ಜಿಯೆ ಗ್ವಾಂಗ್’ ಅಂತಾರೆ, ಪದಶಃ ‘ಬೆಳಕು ಎರವಲು ಕೊಡಿ’. ನೆಪ ಅನ್ನೋದಕ್ಕೆ ‘ಜಿಯೆ ಖೋ’, ಅಂದ್ರೆ ಎರವಲು ಬಾಯಿ. ಆಫೀಸಿಗೆ ಲೇಟಾಗಿ ಬಂದು ಟ್ರಾಫಿಕ್ ಅಂತ ಹೇಳ್ತೀವಲ್ಲ, ಅದು ಎರವಲು ತಂದ ಬಾಯಿ. ನಂಗಂತೂ ಈ ಪದ ತುಂಬಾ ಇಷ್ಟ ಆಯ್ತು.

ಈಗ ಕಾಮರ್ಸ್ ಹುಡುಗರು ಸ್ವಲ್ಪ ಕಿವಿಗೊಡಿ. ಚೀನೀ ಅಕೌಂಟೆನ್ಸೀಲಿ ಡೆಬಿಟ್‌ಗೆ ಏನಂತಾರೆ ಗೊತ್ತಾ? ಅದೇ ‘ಜಿಯೆ’! ಕ್ರೆಡಿಟ್‌ಗೆ ‘ದಾಯ್’. ಈ ಪದಗಳು ಜಪಾನಿನ ಮೂಲಕ ಅಲ್ಲಿಗೆ ಬಂದವು. 1993ರ ಜುಲೈ 1ರಿಂದ ಚೀನಾದ ಎಲ್ಲ ಉದ್ಯಮಗಳೂ ಈ ಡೆಬಿಟ್–ಕ್ರೆಡಿಟ್ ಪದ್ಧತೀಲೇ ಲೆಕ್ಕ ಇಡಬೇಕು ಅಂತ ನಿಯಮ ಬಂತು. ಅದಕ್ಕೂ ಮುಂಚೆ ವ್ಯಾಪಾರದ ಲೆಕ್ಕಗಳಲ್ಲಿ ‘ಹೆಚ್ಚಳ–ಇಳಿಕೆ’ ಅನ್ನೋ ಬೇರೆ ಪದ್ಧತಿ ಬಳಕೇಲಿತ್ತು.

ನಾವು ಪಿಯುಸೀಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ‘ಡೆಬಿಟ್ ದ ರಿಸೀವರ್, ಕ್ರೆಡಿಟ್ ದ ಗಿವರ್.’ ತಗೊಂಡೋನು ಡೆಬಿಟ್, ಕೊಟ್ಟೋನು ಕ್ರೆಡಿಟ್. ಡೆಬಿಟ್ ಅನ್ನೋ ಪದದ ಲ್ಯಾಟಿನ್ ಮೂಲದಲ್ಲೂ ಅರ್ಥ ‘ಬಾಕಿ ಇರೋದು’ ಅಂತಾನೇ. ಅಂದ್ರೆ ಬಾಯಿಮಾತಲ್ಲಿ ಎರಡೂ ಕಡೆ ತಿರುಗೋ ‘ಜಿಯೆ’, ಲೆಡ್ಜರ್ ಒಳಗೆ ಬಂದ ತಕ್ಷಣ ಒಂದೇ ಕಡೆ ಕೂತ್ಕೊಳ್ಳುತ್ತೆ: ಎಡಗಡೆ. ದುಡ್ಡಿನ ಲೆಕ್ಕ ಬರೆಯೋ ಜಾಗದಲ್ಲಿ ಅನುಮಾನ ಇರಬಾರದು ಅಂತ ಅವರೂ ಕಂಡ್ಕೊಂಡಿದ್ದಾರೆ.

ಆದ್ರೆ ಎಲ್ಲರೂ ಲೆಡ್ಜರ್ ಬರೆಯಲ್ವಲ್ಲ. ಸ್ನೇಹಿತರು ಚೀಟಿ ಬರೀತಾರೆ. ಸಾಲದ ಚೀಟೀಲಿ ಬರೀ ‘ಇವತ್ತು ಇಂಥವರು ಜಿಯೆ ಇಷ್ಟು ದುಡ್ಡು’ ಅಂತ ಇದ್ರೆ, ಕೊಟ್ಟೋನು ಯಾರು ಅಂತ ಜಗಳ ಆಗಬಹುದು. ಅದಕ್ಕೇ ಅಲ್ಲಿ ಬುದ್ಧಿವಾದ ಹೇಳೋರು ‘ಜಿಯೆ ದಾವ್’ ಅಂತ ಬರೀರಿ ಅಂತಾರೆ, ಅಂದ್ರೆ ‘ಸಾಲವಾಗಿ ಕೈಗೆ ಬಂದಿದೆ’.

ಇನ್ನೊಂದು ಉದಾಹರಣೆ ಚೀನೀ ಭಾಷಾ ಪಾಠಗಳಲ್ಲಿ ಪದೇಪದೇ ಬರುತ್ತೆ. ಒಂದೇ ಅಕ್ಷರವನ್ನ ‘ಹ್ವಾನ್’ ಅಂತ ಓದಿದ್ರೆ ‘ತೀರಿಸು’, ‘ಹಾಯ್’ ಅಂತ ಓದಿದ್ರೆ ‘ಇನ್ನೂ’. 14,000 ಸಾಲ ಇದ್ದು, ಚೀಟೀಲಿ ಆ ಅಕ್ಷರದ ಮುಂದೆ ‘ಬಾಕಿ 4,000’ ಅಂತ ಬರೆದಿದೆ ಅಂದ್ಕೊಳ್ಳಿ. ‘4,000 ಬಾಕಿ ತೀರಿಸಿದೆ’ ಅಂತ ಓದಿದ್ರೆ ಇನ್ನೂ 10,000 ಕೊಡಬೇಕು. ‘ಇನ್ನೂ 4,000 ಬಾಕಿ’ ಅಂತ ಓದಿದ್ರೆ 10,000 ಕೊಟ್ಟಾಗಿದೆ. ಅದೇ ಕಾಗದ, ಅದೇ ಸಹಿ, 6,000 ವ್ಯತ್ಯಾಸ!

ಇಷ್ಟು ಕೇಳಿ ‘ಅಯ್ಯೋ ಚೀನೀ ಭಾಷೆ ಎಷ್ಟು ಗೊಂದಲ’ ಅಂತ ನಗಬೇಡಿ. ಇಂಗ್ಲಿಷನ್ನೇ ನೋಡಿ. ‘ರೆಂಟ್’ ಅನ್ನೋ ಪದ ಏನು ಮಾಡುತ್ತೆ? ‘ಐ ರೆಂಟೆಡ್ ಎ ಹೌಸ್’ ಅಂದೋನು ಬಾಡಿಗೆಗೆ ಕೊಟ್ಟ ಓನರ್ರೋ, ಬಾಡಿಗೆಗೆ ಬಂದೋನೋ? ಎರಡೂ ಆಗಬಹುದು. ಅಮೆರಿಕದ ಮಿನೆಸೋಟ ಕಡೆ, ಇಂಗ್ಲಿಷೇ ಮಾತೃಭಾಷೆ ಆಗಿರೋರಲ್ಲೇ ಕೆಲವರು ‘ಬಾರೋ ಮಿ ಎ ಪೆನ್’ ಅಂತಾರೆ. ಸಿಂಗಪುರದ ಆಡುಮಾತಲ್ಲಂತೂ ಇದು ಮಾಮೂಲು. ಅಲ್ಲಿ ಪಕ್ಕದ ಸೀಟಿನವನು ಹಾಗೆ ಕೇಳಿದ್ರೆ ತಿದ್ದೋಕೆ ಹೋಗ್ಬೇಡಿ, ಪೆನ್ ಕೊಡಿ.

ಇನ್ನು ನಮ್ಮ ಕನ್ನಡ? ‘ಸಾಲಗಾರ’ ಅಂದ್ರೆ ಯಾರು? ಸಾಲ ತಗೊಂಡೋನು ಅಂತೀರ. ಹಾಗಾದ್ರೆ ‘ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟ’ ಅಂತ ಪೇಪರಲ್ಲಿ ಓದ್ತೀವಲ್ಲ, ಅಲ್ಲಿ ಕಾಟ ಕೊಟ್ಟೋರು ಯಾರು? ಸಾಲ ಕೊಟ್ಟೋರು! ಒಂದೇ ಪದ, ಎರಡು ತುದಿ. ಇಷ್ಟು ದಿನ ನಾವು ಗಮನಿಸದೇ ಆಡ್ಕೊಂಡು ಬಂದಿದ್ದೀವಿ. ಆ ಚೀನೀ ರೂಮ್‌ಮೇಟ್‌ಗೂ ತನ್ನ ‘ಜಿಯೆ’ ಹಾಗೇ ಸಹಜ.

ಸರಿ, ಕೊನೆಗೆ ಮೂರು ಪ್ರಾಕ್ಟಿಕಲ್ ಮಾತು. ಒಂದು, ನಿಮ್ಮ ಚೀನೀ ಸ್ನೇಹಿತರಿಗೆ ಹೇಳಿಕೊಡೋದಾದ್ರೆ ವ್ಯಾಕರಣದ ನಿಯಮ ಬೇಡ. ‘ಜಿಯೆ ಗೇ ಬರೋ ಕಡೆ ಲೆಂಡ್, ಗನ್ ಬರೋ ಕಡೆ ಬಾರೋ’ ಅಂತ ಹೇಳಿ, ತಕ್ಷಣ ಹತ್ತುತ್ತೆ. ಎರಡು, ದುಡ್ಡಿನ ವಿಷಯ ಬಂದಾಗ ಬಾರೋನೂ ಬೇಡ, ಲೆಂಡೂ ಬೇಡ. ‘ಅವಳು ನನಗೆ 200 ಕೊಡಬೇಕು’ ಅಂತ ಯಾರು, ಯಾರಿಗೆ, ಎಷ್ಟು ಮೂರನ್ನೂ ಹೆಸರು ಹಾಕಿ ಬರೀರಿ. ಕನ್ನಡದಲ್ಲಿ ಬರೆದ್ರೂ ಅಷ್ಟೇ, ಸ್ನೇಹಿತರ ಮಧ್ಯದ ಕೈಗಡ ಆದ್ರೂ ಅಷ್ಟೇ. ಮೂರು, ಬೇರೆ ಭಾಷೆಯವರು ಬರೆದ ಲೆಕ್ಕದಲ್ಲಿ ಏನಾದ್ರೂ ವಿಚಿತ್ರ ಅನ್ನಿಸಿದ್ರೆ ‘ಮೋಸ ಮಾಡ್ತಿದ್ದಾಳೆ’ ಅಂತ ತೀರ್ಮಾನ ಮಾಡೋಕೆ ಮುಂಚೆ ಒಂದು ಸಲ ಕೇಳಿ: ‘ಕೊಟ್ಟಿದ್ದಾ, ತಗೊಂಡಿದ್ದಾ?’ ಆ ಒಂದು ಪ್ರಶ್ನೆಗೆ ಹತ್ತು ಸೆಕೆಂಡ್ ಸಾಕು.

ನಿಮ್ಮ ಊರ ಕಡೆ ಮಾತಲ್ಲಿ ‘ಸಾಲಗಾರ’ ಥರ ಎರಡೂ ಕಡೆ ತಿರುಗೋ ಪದ ಬೇರೆ ಯಾವುದಿದೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೇಲಿ ಕೇಳಿಸೋಣ. ಅಲ್ಲಿವರೆಗೂ ಚೆನ್ನಾಗಿರಿ. ಹಾಂ, ಈ ಎಪಿಸೋಡ್ ಕೇಳೋಕೆ ಯಾರದ್ದಾದ್ರೂ ಇಯರ್‌ಫೋನ್ ಎರವಲು ತಗೊಂಡಿದ್ರೆ, ಮರೀದೆ ವಾಪಸ್ ಕೊಡಿ. ನಮಸ್ಕಾರ.