ಉಯಿಲು ಬರೆಯುವ ಹೊತ್ತು

ಉಯಿಲಿನ ಮಾತೆತ್ತಿದೊಡನೆ ಮನೆಯಾಕೆ "ಬಿಡ್ತು ಅನ್ನಿ" ಎನ್ನುತ್ತಾರೆ. ಯಜಮಾನರೂ ಅದೇ ನೆಪವೆಂದು ಸುಮ್ಮನಾಗುತ್ತಾರೆ. ಮುಂದೆ ಇದರಿಂದ ಕಷ್ಟಕ್ಕೆ ಸಿಕ್ಕುವವರು ಬಹುಮಟ್ಟಿಗೆ ಆ ಮನೆಯಾಕೆಯೇ.

ತಾವು ಸ್ವಂತ ದುಡಿಮೆಯಿಂದ ಒಂದು ಮನೆ ಕಟ್ಟಿಸಿದ್ದೀರೆನ್ನಿ. ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. 'ನನ್ನ ತರುವಾಯ ಮನೆ ಇವಳದೇ ತಾನೆ' ಎಂದು ತಾವು ನಂಬಿದ್ದೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಾಗೆ ಹೇಳುವುದಿಲ್ಲ. ಉಯಿಲಿಲ್ಲದೆ ಹೋದರೆ ನಾಲ್ವರಿಗೂ ಸಮಪಾಲು. ತಮ್ಮ ತಾಯಿಯವರು ಬದುಕಿದ್ದರೆ ಐದು ಪಾಲು. ಒಬ್ಬ ಮಗ ಭಾಗ ಕೇಳಿದನೆಂದರೆ ಅಡಿಗೆಮನೆಯನ್ನು ನಾಲ್ಕು ಮಾಡಲಾದೀತೆ? ಕೊನೆಗೆ ಮನೆಯೇ ಮಾರಾಟಕ್ಕೆ ಬಂದೀತು. 'ಬ್ಯಾಂಕಿನಲ್ಲಿ ಅವಳನ್ನೇ ನಾಮಿನಿ ಮಾಡಿದ್ದೇನೆ' ಎನ್ನುವಿರಾ? ಠೇವಣಿಯ ನಾಮಿನಿ ಹಣವನ್ನು ಪಡೆದುಕೊಳ್ಳಬಹುದು. ಅಷ್ಟರಿಂದಲೇ ಅದರ ಒಡತಿಯಾಗುವುದಿಲ್ಲ.

ಉಯಿಲಿಗೆ ಬಿಳಿಯ ಹಾಳೆ ಸಾಕು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ತಮ್ಮ ರುಜು, ಅದನ್ನು ಕಣ್ಣಾರೆ ಕಂಡ ಇಬ್ಬರ ಸಾಕ್ಷಿ ರುಜು ಇರಬೇಕು. ಪಿತ್ರಾರ್ಜಿತದಲ್ಲಾದರೋ ತಮ್ಮ ಪಾಲನ್ನಷ್ಟೇ ಬರೆಯಬಹುದು. 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಅದರಲ್ಲಿ ಹುಟ್ಟಿನಿಂದಲೇ ಹಕ್ಕುಂಟು.

ಬರೆಯುವುದು ಸುಲಭ, ಬರೆದದ್ದು ನಿಲ್ಲಬೇಕಲ್ಲ! ಹಿಂದಿನ ಮೈಸೂರು ರಾಜ್ಯದ ಒಂದು ಉಯಿಲು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಬರೆಸಿದವರು ಒಬ್ಬ ಹೆಂಗಸು. ಅದನ್ನು ಸಿದ್ಧಪಡಿಸುವುದರಲ್ಲಿ ಮುಂದೆ ನಿಂತಿದ್ದವರ ಮಕ್ಕಳಿಗೇ ಅದರಲ್ಲಿ ದೊಡ್ಡ ಲಾಭವಿತ್ತು. ಆ ಸಂಶಯ ಪರಿಹಾರವಾಗಲಿಲ್ಲವಾಗಿ 1958ರಲ್ಲಿ ಉಯಿಲು ಬಿದ್ದುಹೋಯಿತು. ಇಂದಿಗೂ ವಕೀಲರು ಈ ತೀರ್ಪನ್ನು ಎತ್ತಿ ಹೇಳುತ್ತಾರೆ.

ಆದ್ದರಿಂದ ಆಸ್ಪತ್ರೆಯ ಮಂಚದವರೆಗೆ ಕಾಯಬೇಡಿ. ಓಡಾಡಿಕೊಂಡಿರುವಾಗಲೇ ಬರೆಯಿರಿ. ಲಾಭ ಹೊಂದುವವರು ಆ ಹೊತ್ತು ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತಿರಲಿ! ಸಾಕ್ಷಿಗಳು ತಮಗಿಂತ ಕಿರಿಯರಾಗಿರಲಿ. ಪರಿಚಯದ ವೈದ್ಯರೊಬ್ಬರು ಅವರಲ್ಲಿದ್ದರೆ ಇನ್ನೂ ಮೇಲು. ಪತ್ನಿಗೆ ಮನೆಯ ಪೂರ್ಣ ಹಕ್ಕೋ, ಬದುಕಿರುವವರೆಗಿನ ವಾಸದ ಹಕ್ಕೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಕಾರಣವನ್ನು ಒಂದೇ ಒಂದು ಸಾಲಿನಲ್ಲಿ ಹೇಳಿ, ಕೋಪವಿಲ್ಲದೆ. ಕಡ್ಡಾಯವಲ್ಲದಿದ್ದರೂ ನೋಂದಣಿ ಮಾಡಿಸುವುದು ಲೇಸೆಂದು ನನ್ನ ಅಭಿಪ್ರಾಯ. ಗುಟ್ಟಾಗಿರಬೇಕೆಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಇಡಬಹುದು. ಮನೆಯಲ್ಲೇ ಇಡುವುದಾದರೆ, ಯಾವ ಪೆಟ್ಟಿಗೆ, ಬೀಗದ ಕೈ ಎಲ್ಲಿ ಎಂಬುದನ್ನು ಇಂದೇ ಮನೆಯಾಕೆಗೆ ತಿಳಿಸಿ. "ಬಿಡ್ತು ಅನ್ನಿ" ಎಂದರೂ ಬಿಡಬೇಡಿ.